ತಾರಸಿ ಕೋಣೆ ಕೇಳಲು ಹೋದ ದಂಡು

ನಾನು ಆ ಸೇವಾಸಂಸ್ಥೆಗೆ ಹೋಗಲು ಶುರುಮಾಡಿದ್ದು ಸೇವೆ ಮಾಡಲಿಕ್ಕಲ್ಲ. ಶನಿವಾರ ಸಂಜೆ ಅಲ್ಲಿ ಬಿಸಿ ಬೋಂಡ ಕೊಡುತ್ತಿದ್ದರು, ಅದಕ್ಕೆ. ಈ ವಿಷಯವನ್ನು ಮೊದಲ ದಿನವೇ ಅಲ್ಲಿನ ಮೇಡಂಗೆ ಹೇಳಿಬಿಟ್ಟಿದ್ದೆ. ಅವರು ನಕ್ಕು, ನಿಜ ಹೇಳುವ ಸ್ವಯಂಸೇವಕ ಒಬ್ಬನಾದರೂ ಸಿಕ್ಕನಲ್ಲ ಎಂದು ನನ್ನ ಕೈಗೆ ಎರಡು ಬೋಂಡ ಇಟ್ಟಿದ್ದರು.

ಕುಂದಲಹಳ್ಳಿಯ ಒಳರಸ್ತೆಯಲ್ಲಿ, ಸಿಮೆಂಟು ಅಂಗಡಿಯ ಮೇಲೆ ಎರಡು ಕೋಣೆ. ಆಗ ಆ ಕಡೆ ಮೆಟ್ರೋ ಕಂಬಗಳು ಎದ್ದಿರಲಿಲ್ಲ, ಕಂಪನಿ ಬಸ್ಸುಗಳ ಹಾರ್ನು ಮಾತ್ರ ಎದ್ದಿತ್ತು. ಪಾಠಕ್ಕೆ ಬರುತ್ತಿದ್ದವರೆಲ್ಲ ಹದಿಹರೆಯದವರು, ಇಲ್ಲವೇ ಅದನ್ನು ಈಗಷ್ಟೇ ದಾಟಿದವರು. ಅಸ್ಸಾಮಿನವರು, ಒಡಿಶಾದವರು, ನೇಪಾಳದ ವಾಚ್‌ಮನ್‌ಗಳ ತಮ್ಮಂದಿರು. ಇವರ ನಡುವೆ ದೇಶವನ್ನೇ ಬಿಟ್ಟು ಓಡಿಬಂದ ಕೆಲವರೂ ಇದ್ದರು, ಬರ್ಮಾದ ಗುಡ್ಡಗಾಡಿನವರು. ಮಾತಾಡುವಷ್ಟು ಕನ್ನಡ, ಸ್ವಲ್ಪ ಇಂಗ್ಲಿಷು, ಆಸ್ಪತ್ರೆಯಲ್ಲಿ ಏನು ಹೇಳಬೇಕು, ಬ್ಯಾಂಕಿನಲ್ಲಿ ಯಾವ ಸಾಲಿನಲ್ಲಿ ನಿಲ್ಲಬೇಕು, ಇಷ್ಟು ಅವರಿಗೆ ನಾವು ಕಲಿಸುವುದು.

‘ನಾವು’ ಅಂದರೆ ಯಾರು ಅಂತ ಹೇಳಿಬಿಡುತ್ತೇನೆ. ಸಂಸ್ಥೆ ನಡೆಸುತ್ತಿದ್ದ ಮೇಡಂ. ಯಾರು ಕಷ್ಟ ಹೇಳಿಕೊಂಡರೂ ಅವರ ಕೈ ತಾನಾಗಿ ಎದೆಯ ಮೇಲೆ ಹೋಗುತ್ತಿತ್ತು. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯ ಒಬ್ಬ ಟೀಮ್ ಲೀಡು. ಬೋಂಡಕ್ಕೆ ಚಟ್ನಿ ಬಂದಿಲ್ಲ ಎಂಬುದನ್ನೂ ‘ಇಶ್ಯೂ’ ಎನ್ನುತ್ತಿದ್ದ ಮನುಷ್ಯ. ಸರ್ಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದ ಒಬ್ಬ ತಾತ. ಕ್ಲಾಸಿನ ಹುಡುಗರ ಹಾಜರಿಯನ್ನು ಶಿಫ್ಟಿನಂತೆಯೇ ತೆಗೆದುಕೊಳ್ಳುತ್ತಿದ್ದರು. ಬಂದುಹೋಗುವ ಇನ್ನಷ್ಟು ಕಂಪನಿ ಜನ. ಕೊನೆಗೆ ನಾನು. ಬಿ.ಕಾಂ.ನ ಒಂದು ಪೇಪರನ್ನು ಬಿಟ್ಟಿರಲಾರದಷ್ಟು ಪ್ರೀತಿಸಿ ಮತ್ತೆ ಮತ್ತೆ ಬರೆಯುತ್ತಿದ್ದವನು. ಗಣೇಶನ ಪೆಂಡಾಲು, ರಾಜ್ಯೋತ್ಸವ, ಅಪ್ಪನ ಕಾರ್ಖಾನೆಯ ವಾರ್ಷಿಕೋತ್ಸವ, ಎಲ್ಲಿ ಮೈಕು ಕಂಡರೂ ಹತ್ತಿ ಯಾರನ್ನಾದರೂ ಅಣಕಿಸಿ ಇಳಿಯುವವನು.

ನನಗೆ ಪಾಠ ಹೇಳಲು ಬರುವುದಿಲ್ಲ ಎಂದು ತಾತ ಎರಡನೇ ವಾರವೇ ಕಂಡುಹಿಡಿದರು. ಆದರೆ ನಾನು ಕಂಡಕ್ಟರಾಗಬಲ್ಲೆ, ರೇಷನ್ ಅಂಗಡಿಯವನಾಗಬಲ್ಲೆ, ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ತಲೆಯೆತ್ತದೆ ಮಾತಾಡುವ ಹೆಂಗಸಾಗಬಲ್ಲೆ. ಹಾಗಾಗಿ ‘ಕೌಂಟರ್ ಆಟ’ ಅಂತ ಒಂದು ಶುರುವಾಯಿತು. ನಾನು ಮೇಜಿನ ಹಿಂದೆ ಕೂತು ಒಂದೊಂದು ವಾರ ಒಬ್ಬೊಬ್ಬರಾಗುವುದು, ಹುಡುಗರು ಬಂದು ತಮ್ಮ ಕೆಲಸ ಮಾಡಿಸಿಕೊಂಡು ಹೋಗುವುದು. ನನ್ನ ಕಂಡಕ್ಟರನಿಂದ ಚಿಲ್ಲರೆ ಗಿಟ್ಟಿಸಿದವನು ನಿಜವಾದ ಕಂಡಕ್ಟರನಿಂದ ಮನೆಯನ್ನೇ ಬರೆಸಿಕೊಂಡಾನು ಎಂದು ನಾನು ಕೊಚ್ಚಿಕೊಳ್ಳುತ್ತಿದ್ದೆ.

ಆ ಆಟದಲ್ಲಿ ಎಲ್ಲರಿಗಿಂತ ಚುರುಕಾಗಿದ್ದವನು ಬರ್ಮಾದ ಹುಡುಗ. ಹುಡುಗ ಎನ್ನುತ್ತೇನೆ, ನನಗಿಂತ ಸ್ವಲ್ಪವೇ ಚಿಕ್ಕವನು. ದೊಡ್ಡನೆಕ್ಕುಂದಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಣ್ಣದೊಂದು ವರ್ಕ್‌ಶಾಪಿನಲ್ಲಿ ಹೆಲ್ಪರ್ ಆಗಿದ್ದ, ರಾತ್ರಿ ಅಲ್ಲೇ ಶೆಡ್ಡಿನಲ್ಲಿ ಮಲಗುತ್ತಿದ್ದ. ಲೇತ್ ಮೆಷಿನ್ನಿನ ಕೆಲಸ ಕೈಗೆ ಹತ್ತಿತ್ತು, ದೀಪಾವಳಿ ಆದಮೇಲೆ ಆಪರೇಟರ್ ಮಾಡುತ್ತೇನೆ ಎಂದು ಮಾಲೀಕ ಮಾತು ಕೊಟ್ಟಿದ್ದ. ಬೀದಿಯವರೆಲ್ಲ ಅವನನ್ನು ‘ನೇಪಾಳಿ’ ಎನ್ನುತ್ತಿದ್ದರು. ನಾನು ನೇಪಾಳಿ ಅಲ್ಲ ಎಂದು ಹೇಳಿ ಹೇಳಿ ಸಾಕಾಗಿ, ಕೊನೆಗೆ ನೇಪಾಳ ಹೇಗಿದೆ ಎಂದು ಕೇಳಿದವರಿಗೆ ತುಂಬಾ ಚಳಿ ಅಂತ ಹೇಳುವುದನ್ನು ಕಲಿತಿದ್ದ.

ಅವನ ತಾಯಿ ಮತ್ತು ತಂಗಿ ದೆಹಲಿಯ ಅಂಚಿನಲ್ಲಿದ್ದರು, ಇನ್ನೊಂದು ಕುಟುಂಬದ ಜೊತೆ ಒಂದೇ ಕೋಣೆಯಲ್ಲಿ. ಆ ಕೋಣೆಯನ್ನು ತಿಂಗಳ ಕೊನೆಗೆ ಬಿಡಬೇಕಾಗಿ ಬಂತು. ಇಲ್ಲಿ ಒಂದು ಕೋಣೆ ಸಿಕ್ಕರೆ ಇಬ್ಬರೂ ಬೆಂಗಳೂರಿಗೆ ಬರುವುದು, ತಂಗಿ ಶಾಲೆಗೆ ಸೇರುವುದು. ಸಿಗದಿದ್ದರೆ ಮಿಜೋರಾಮಿನ ಬೆಟ್ಟದಲ್ಲಿರುವ ನೆಂಟರ ಹತ್ತಿರ ಹೋಗುವುದು, ಆಗ ಅವನೂ ಲೇತು ಬಿಟ್ಟು ಅಲ್ಲಿಗೇ. ಹೆಂಗಸರಿಬ್ಬರನ್ನೇ ಅಷ್ಟು ದೂರ ಬಿಡುವವನಲ್ಲ ಅವನು. ನಮಗೆ ಇದೆಲ್ಲ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಸೌಲಭ್ಯವೂ ನಮಗಿಲ್ಲ.

ಕೋಣೆಯನ್ನು ಅವನೇ ಹುಡುಕಿಕೊಂಡಿದ್ದ. ವರ್ಕ್‌ಶಾಪಿನ ಹಿಂದಿನ ಹಳೇ ಊರಿನಲ್ಲಿ ಬೋರ್‌ವೆಲ್ ಬತ್ತಿ, ನೀರಿನ ಟ್ಯಾಂಕರ್ ಬರುತ್ತಿತ್ತು. ಅಲ್ಲಿ ಒಬ್ಬ ಅಜ್ಜಮ್ಮ ಇದ್ದರು, ಕಾರ್ಖಾನೆ ನೌಕರನಾಗಿದ್ದ ಗಂಡ ತೀರಿಹೋಗಿ ಒಬ್ಬರೇ ಇದ್ದವರು. ಟ್ಯಾಂಕರ್ ಬಂದಾಗ ಇವನು ಹೋಗಿ ಅವರ ಕೊಡಗಳನ್ನು ತುಂಬಿಸಿ ಒಳಗಿಡುತ್ತಿದ್ದ. ಯಾರೂ ಹೇಳಿರಲಿಲ್ಲ. ಮೊದಮೊದಲು ಅವರು ಕೊಡ ಕದಿಯುತ್ತಾನೆ ಎಂದು ಹಿಂದೆಯೇ ಬರುತ್ತಿದ್ದರಂತೆ. ಆಮೇಲೆ ಮಜ್ಜಿಗೆ ಕೊಡತೊಡಗಿದರು. ಆಮೇಲೆ ಮಾತು. ನಾವು ಶನಿವಾರ ಶನಿವಾರ ತುಂಬಿದ ಕನ್ನಡಕ್ಕಿಂತ ಆ ಟ್ಯಾಂಕರಿನ ಸಾಲಿನಲ್ಲಿ ಅವನಿಗೆ ಸಿಕ್ಕಿದ ಕನ್ನಡವೇ ಜಾಸ್ತಿ. ಅವರ ಮನೆಯ ತಾರಸಿಯ ಮೇಲೆ ಶೀಟಿನ ಒಂದು ಕೋಣೆ ಖಾಲಿ ಇತ್ತು. ಒಂದು ದಿನ ಧೈರ್ಯ ಮಾಡಿ ಕೇಳಿದ್ದಾನೆ. ಅಜ್ಜಮ್ಮ ಯೋಚಿಸಿ, ಬರೋ ವಾರ ಭಾನುವಾರ ಬಾ, ಇಲ್ಲಿಯವರು ಗೊತ್ತಿರೋರು ಒಬ್ಬರನ್ನ ಕರಕೊಂಡು ಬಾ ಎಂದಿದ್ದಾರೆ.

ಅವನು ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಬೆರಳೆತ್ತಿ ತೋರಿಸಿದ್ದು ನನಗೆ ಇನ್ನೂ ನೆನಪಿದೆ. ಒಬ್ಬರು. ಒಬ್ಬರು ಸಾಕಂತೆ.

ಆ ವಾರ ಕೌಂಟರ್ ಆಟದಲ್ಲಿ ನಾನು ಅಜ್ಜಮ್ಮನಾಗಬೇಕಿತ್ತು. ನೋಡದೆ ಅಣಕಿಸುವುದು ನನ್ನ ವೃತ್ತಿಧರ್ಮಕ್ಕೆ ವಿರುದ್ಧ. ಹಾಗಾಗಿ ಒಂದು ಖಾಲಿ ಕ್ಯಾನು ಹಿಡಿದು ಟ್ಯಾಂಕರಿನ ಸಾಲಿನಲ್ಲಿ ನಿಂತು ಅವರನ್ನು ನೋಡಿಬಂದೆ; ನೀರಿನ ತೊಂದರೆಯೇ ಇಲ್ಲದ ನಮ್ಮ ಮನೆಗೆ ತುಂಬಿದ ಕ್ಯಾನು ಹೊತ್ತು ಹೋಗಿ ಅಮ್ಮನಿಂದ ಬೈಸಿಕೊಂಡೆ. ಶನಿವಾರ ಟವೆಲನ್ನು ಸೆರಗು ಮಾಡಿಕೊಂಡು ಸ್ಟೂಲಿನ ಮೇಲೆ ಕೂತೆ. ಒಂದು ಕಣ್ಣು ಕಿರಿದು ಮಾಡಿ ಕೇಳಿದೆ:

“ಮೀನು ಗೀನು ಬೇಯಿಸ್ತೀಯೇನ್ಲಾ ನನ್ ಮನೇಲಿ?”

“ಬೇಯಿಸ್ತೀವಿ ಅಮ್ಮ. ಸೋಮವಾರ, ಶನಿವಾರ ಮುಟ್ಟಲ್ಲ. ಒಣಮೀನು ಯಾವತ್ತೂ ಇಲ್ಲ.”

“ಯಾಕೆ, ಒಣಮೀನು ತಿನ್ನಲ್ವಾ?”

“ತುಂಬಾ ಇಷ್ಟ. ನಿಮ್ಗೆ ವಾಸನೆ ಆಗಲ್ಲ ಅಂತ ಟ್ಯಾಂಕರ್ ಹತ್ರ ಹೇಳಿದ್ರಿ.”

ಇದು ನಾನು ಹೇಳಿಕೊಟ್ಟ ಉತ್ತರವಲ್ಲ. ಅವನೇ ತಂದದ್ದು. ತಾಯಿಗೆ ಮೆಟ್ಟಿಲು ಹತ್ತಲು ಕಷ್ಟ ಇಲ್ಲ, ಬೆಟ್ಟದವಳು. ತಂಗಿ ನಿಮಗೆ ರಂಗೋಲಿ ಹಾಕಿಕೊಡುತ್ತಾಳೆ, ಚಿತ್ರ ಚೆನ್ನಾಗಿ ಬರೆಯುತ್ತಾಳೆ. ನೀರು ನಾನೇ ಮೇಲಕ್ಕೆ ಹೊರುತ್ತೇನೆ, ನಿಮ್ಮದನ್ನೂ. ಒಂದೊಂದು ವಾಕ್ಯವನ್ನೂ ಶೆಡ್ಡಿನಲ್ಲಿ ಮಲಗಿ ಕಟ್ಟಿಕೊಂಡು ಬಂದಿದ್ದ. ನಾನು ಎಷ್ಟು ಕಿರಿಕಿರಿ ಮಾಡಿದರೂ ಸೋಲಲಿಲ್ಲ. ಕೊನೆಗೆ ಅಜ್ಜಮ್ಮನಾಗಿ ಬೀಗದ ಕೈ ಎಂದು ಬೋಂಡ ಎತ್ತಿ ಕೊಟ್ಟೆ. ಕ್ಲಾಸು ಚಪ್ಪಾಳೆ ಹೊಡೆಯಿತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ನಮ್ಮಲ್ಲಿ ಒಂದು ನಿಯಮವಿತ್ತು, ಯಾರನ್ನೂ ಒಂಟಿಯಾಗಿ ಕಳಿಸಬಾರದು ಅಂತ. ಹಿಂದೆ ಒಡಿಶಾದ ಹುಡುಗನೊಬ್ಬನನ್ನು ಯಾವುದೋ ಬಿಲ್ಡಿಂಗಿನವರು ಅಟ್ಟಿದ ಮೇಲೆ ಮಾಡಿದ ನಿಯಮ. ಒಳ್ಳೆಯ ನಿಯಮವೇ. ಅದರಲ್ಲಿ ಎಷ್ಟು ಜನ ಹೋಗಬೇಕು ಎಂದು ಮಾತ್ರ ಇರಲಿಲ್ಲ. ತಾತ, ನಾನು ಬರುತ್ತೇನೆ ಎಂದರು, ಅಜ್ಜಮ್ಮನ ಗಂಡನೂ ಕಾರ್ಖಾನೆಯವನೇ ಆದ್ದರಿಂದ ಮಾತು ಕೂಡಿಬರುತ್ತದೆ ಎಂದು. ಲೀಡು, ಕಾನೂನಿನ ಪ್ರಶ್ನೆ ಬಂದರೆ ನಾನಿರಬೇಕು ಎಂದ. ಮೇಡಂ, ತಾಯಿಯ ವಿಷಯ ಹೆಂಗಸು ಹೇಳಿದರೆ ಚೆಂದ ಎಂದರು. ಉಳಿದ ಕಂಪನಿಯವರು, ವರ್ಷವೆಲ್ಲ ಬೋರ್ಡಿನ ಮೇಲೆ ಬರೆದು ಅಳಿಸಿದ್ದಾಯಿತು, ಒಂದು ಒಳ್ಳೇದು ಆಗುವುದನ್ನು ಕಣ್ಣಾರೆ ನೋಡೋಣ ಎಂದರು. ನಾನಂತೂ ನಿಜವಾದ ಅಜ್ಜಮ್ಮನನ್ನು ಹತ್ತಿರದಿಂದ ನೋಡಿ ನನ್ನ ನಕಲನ್ನು ತಿದ್ದಿಕೊಳ್ಳಬೇಕಿತ್ತು. ಎಲ್ಲರಿಗೂ ಒಂದೊಂದು ಕಾರಣ, ಎಲ್ಲವೂ ಸರಿಯಾದ ಕಾರಣವೇ. ಹುಡುಗ ಒಮ್ಮೆ ಮೇಡಂ ಮುಖ, ಒಮ್ಮೆ ನನ್ನ ಮುಖ ನೋಡಿದ. ಥ್ಯಾಂಕ್ಯೂ ಎಂದ. ನಾವು ಕಲಿಸಿದ ಮೊದಲ ಪಾಠವೇ ಅದು, ಯಾರೇ ಸಹಾಯ ಮಾಡಲು ಬಂದರೂ ಥ್ಯಾಂಕ್ಯೂ ಹೇಳಬೇಕು.

ಭಾನುವಾರ ಬೆಳಿಗ್ಗೆ ಎರಡು ಕಾರು, ನಾಲ್ಕೈದು ಬೈಕು ದೊಡ್ಡನೆಕ್ಕುಂದಿಯ ಆ ಸಂದಿಗೆ ನುಗ್ಗಿದವು. ಎಲ್ಲರ ಮೈಮೇಲೆ ಸಂಸ್ಥೆಯ ಗಿಣಿಹಸಿರು ಟೀ ಶರ್ಟು. ತಾತ ಮಾತ್ರ ಅದರ ಮೇಲೆ ಕಾರ್ಖಾನೆ ಕೊಟ್ಟಿದ್ದ ಹಳೇ ಕೆಂಪು ಸ್ವೆಟರ್ ಹಾಕಿಕೊಂಡು ತಿರುವುಮುರುವಾದ ಕಲ್ಲಂಗಡಿಯ ಹಾಗೆ ಕಾಣುತ್ತಿದ್ದರು, ಹೊರಗೊಂದು ಬಣ್ಣ ಒಳಗೊಂದು ಬಣ್ಣ. ಹುಡುಗ ನಮಗಿಂತ ಮೊದಲೇ ಬಂದು ಗೇಟಿನ ಹತ್ತಿರ ನಿಂತಿದ್ದ. ತಲೆಗೆ ಎಣ್ಣೆ, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು.

ಅಜ್ಜಮ್ಮ ಜಗುಲಿಯಲ್ಲಿ ಎರಡು ಲೋಟ ಕಾಫಿ ಇಟ್ಟುಕೊಂಡು ಕಾಯುತ್ತಿದ್ದರು.

ಆ ಎರಡು ಲೋಟಗಳನ್ನು ನೋಡಿದಾಗಲಾದರೂ ನಾವು ಹೊರಟುಬಿಡಬೇಕಿತ್ತು. ಅಜ್ಜಮ್ಮ ನಮ್ಮನ್ನು ಎಣಿಸುತ್ತಾ ಎಣಿಸುತ್ತಾ ಎದ್ದು ನಿಂತರು. ಒಳಗೆ ಹೋದರು. ಲೋಟ ಸಾಲದೆ ಪಕ್ಕದ ಮನೆಯಿಂದ ತರಿಸಿದರು. ಲೋಟ ಕೊಟ್ಟ ಮನೆಯವರು ಏನು ಸಮಾಚಾರ ಎಂದು ಲೋಟದ ಹಿಂದೆಯೇ ಬಂದರು. ಎದುರುಮನೆಯವನು, ಯಾವ ಪಾರ್ಟಿ, ಈಗೇನೂ ಎಲೆಕ್ಷನ್ ಇಲ್ವಲ್ಲ ಎಂದು ನನ್ನನ್ನೇ ಕೇಳಿದ. ನಾನು ಅವನಿಗೆ ಒಂದು ರಾಜಕಾರಣಿಯ ದನಿಯಲ್ಲಿ ಉತ್ತರ ಕೊಟ್ಟೆ. ಜನ ನಕ್ಕರು, ಇನ್ನೂ ನಾಲ್ಕು ಜನ ಸೇರಿದರು. ಜನ ಸೇರಿಸುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

ಆಮೇಲೆ ಒಬ್ಬೊಬ್ಬರಾಗಿ ಅಜ್ಜಮ್ಮನಿಗೆ ಧೈರ್ಯ ಹೇಳಿದೆವು. ಲೀಡು, ಈ ಹುಡುಗನ ವಿವರವೆಲ್ಲ ಪೊಲೀಸರ ಹತ್ತಿರ ಇದೆ, ನೀವು ಏನೂ ಭಯಪಡಬೇಡಿ ಎಂದ. ಅಲ್ಲಿಯವರೆಗೆ ಅಜ್ಜಮ್ಮನಿಗೆ ಭಯ ಇರಲಿಲ್ಲ. ಮೇಡಂ ಎದೆಯ ಮೇಲೆ ಕೈಯಿಟ್ಟು, ಏನೇ ತೊಂದರೆ ಆದರೂ, ಎಂಥಾ ಹೊತ್ತಿನಲ್ಲಾದರೂ ಫೋನ್ ಮಾಡಿ, ನಾವು ಓಡಿ ಬರುತ್ತೇವೆ ಎಂದರು. ಎಂಥಾ ತೊಂದರೆ ಆಗಬಹುದು ಎಂದು ಪಕ್ಕದ ಮನೆಯಾಕೆ ತನ್ನ ಗಂಡನನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು. ತಾತ, ಇವನಿಗೆ ನಾನು ಜವಾಬ್ದಾರಿ ಎಂದರು. ಇನ್ನೊಬ್ಬನೂ ಜವಾಬ್ದಾರಿ ಎಂದ. ಹಸಿರು ಶರ್ಟುಗಳೆಲ್ಲ ಜವಾಬ್ದಾರಿಯಾದವು. ಯುದ್ಧ, ಗಡಿ, ಸುಟ್ಟ ಹಳ್ಳಿ ಎಲ್ಲವನ್ನೂ ಯಾರೋ ವಿವರಿಸಿದರು, ಅನುಕಂಪ ಹುಟ್ಟಲಿ ಅಂತ. ಅಜ್ಜಮ್ಮ ಮೀನಿನ ವಿಷಯ ಎತ್ತಿದರು. ಹುಡುಗ ಬಾಯಿ ತೆರೆದ. ಅಷ್ಟರಲ್ಲಿ ಮೇಡಂ, ಅದೆಲ್ಲ ನಾವು ಹೇಳಿದ್ದೀವಿ, ಅವನು ತುಂಬಾ ಅಡ್ಜಸ್ಟ್ ಆಗ್ತಾನೆ ಎಂದರು.

ಅವನಿಗೆ ಒಂದು ವಾಕ್ಯಕ್ಕೂ ಜಾಗ ಸಿಗಲಿಲ್ಲ. ಮೆಟ್ಟಿಲು, ರಂಗೋಲಿ, ನೀರು, ಎಲ್ಲ ಅವನ ಬಾಯಲ್ಲೇ ಉಳಿದವು. ಬಾಳೆಹಣ್ಣಿನ ಚಿಪ್ಪನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಾ ನಿಂತಿದ್ದ. ನಾನು ಹತ್ತಿರವೇ ಇದ್ದೆ. ಹಿಂದಿನ ದಿನ ಅವನ ಒಂದೊಂದು ಉತ್ತರವನ್ನೂ ಎದುರು ಕೂತು ಕೇಳಿದ್ದವನು ನಾನೇ. ಸ್ವಲ್ಪ ಸುಮ್ಮನಿರಿ, ಅವನೇ ಹೇಳಲಿ ಎಂದು ಒಂದು ಮಾತು ಎಸೆಯಬಹುದಿತ್ತು. ನಾನು ಅಜ್ಜಮ್ಮ ಸೆರಗು ಸರಿಮಾಡಿಕೊಳ್ಳುವ ರೀತಿಯನ್ನು ಕಲಿಯುತ್ತಿದ್ದೆ.

ಕೊನೆಗೆ ಅವರು, ನಮ್ಮಣ್ಣನನ್ನು ಒಂದು ಮಾತು ಕೇಳಬೇಕು, ನೋಡೋಣ ಎಂದರು. ಬಾಳೆಹಣ್ಣು ತೆಗೆದುಕೊಂಡರು. ಮೇಡಂ ಎಲ್ಲರನ್ನೂ ತಾರಸಿಯ ಮೆಟ್ಟಿಲ ಮೇಲೆ ನಿಲ್ಲಿಸಿ ಫೋಟೊ ತೆಗೆದರು.

ನಾವು ಗೆದ್ದವರಂತೆ ಕುಂದಲಹಳ್ಳಿ ಗೇಟಿನ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದೆವು. ಲೀಡು, ಆಲ್‌ಮೋಸ್ಟ್ ಡನ್ ಎಂದ. ಹುಡುಗ ನನ್ನ ಪಕ್ಕ ಕೂತಿದ್ದ. ಕೋಣೆ ಸಿಕ್ಕ ಮೇಲೆ ಮೊದಲ ಊಟ ನನಗೇ ಎಂದು ನಾನು ಅಜ್ಜಮ್ಮನ ದನಿಯಲ್ಲಿ ಛೇಡಿಸಿದೆ. ಅವನು ದೋಸೆಯ ಒಂದು ತುದಿಯನ್ನು ಮುರಿದು ಹಾಗೇ ಇಟ್ಟ. ಮೆಲ್ಲಗೆ ಹೇಳಿದ:

“ಅಣ್ಣ, ಅಜ್ಜಮ್ಮ ನೋಡೋಣ ಅಂದ್ರು. ಟ್ಯಾಂಕರ್ ಹತ್ರ ಯಾರಾದ್ರೂ ಎಕ್ಸ್‌ಟ್ರಾ ಕೊಡ ಕೇಳಿದ್ರೆ ಅಂಗೇ ಅಂತಾರೆ. ಕೊಡಲ್ಲ.”

ನಾನು ಸುಮ್ನಿರೋ ಮಗಾ, ಜಾಸ್ತಿ ಯೋಚ್ನೆ ಮಾಡ್ಬೇಡ ಎಂದೆ.

ಅಜ್ಜಮ್ಮನಿಂದ ಆ ವಾರ ಸುದ್ದಿ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ನಾವು ಬೇರೆ ಕೋಣೆಗಳನ್ನು ಹುಡುಕಿದೆವು, ಅಲ್ಲಿಗೂ ನಿಯಮದ ಪ್ರಕಾರ ಗುಂಪಾಗಿಯೇ ಹೋದೆವು. ಅಲ್ಲೆಲ್ಲ ಕಾಫಿಯೂ ಸಿಗಲಿಲ್ಲ. ತಿಂಗಳು ಮುಗಿಯಿತು. ಒಂದು ಶನಿವಾರ ಹುಡುಗ ಕ್ಲಾಸಿಗೆ ಬರಲಿಲ್ಲ. ಓವರ್‌ಟೈಮ್ ಇರಬೇಕು ಎಂದುಕೊಂಡೆವು. ಮರುವಾರವೂ ಬಾರದಿದ್ದಾಗ ನಾನು ಬೈಕು ಹತ್ತಿ ವರ್ಕ್‌ಶಾಪಿಗೆ ಹೋದೆ. ಮಾಲೀಕ ನನ್ನ ಮೇಲೆಯೇ ರೇಗಿದ. ಲೇತಿಗೆ ಕೈ ಕೂತಿದ್ದ ಹುಡುಗ, ಕೆಲಸ ಬಿಟ್ಟು ಹೋದ, ನೀವೆಲ್ಲ ಇದ್ದೂ ಏನು ಮಾಡಿದ್ರಿ ಎಂದ. ಎಲ್ಲಿಗೆ ಹೋದ ಎಂದು ಅವನಿಗೆ ಗೊತ್ತಿರಲಿಲ್ಲ.

ಗೊತ್ತಿರುವವರು ಇನ್ನೊಬ್ಬರು ಯಾರು? ಅಜ್ಜಮ್ಮನ ಗೇಟಿನ ಮುಂದೆ ನಿಂತಾಗ ಮೊದಲ ಬಾರಿಗೆ ನನಗೆ ಯಾವ ದನಿಯೂ ಹೊಳೆಯಲಿಲ್ಲ. ತಾರಸಿಯ ತಂತಿಯ ಮೇಲೆ ಯಾರದೋ ಬಟ್ಟೆಗಳು ಒಣಗುತ್ತಿದ್ದವು. ರಾಯಚೂರಿನ ಕಡೆಯ ಗಂಡ ಹೆಂಡತಿ, ಕಟ್ಟಡದ ಕೆಲಸದವರು, ಬಾಡಿಗೆಗೆ ಬಂದಿದ್ದರು.

ಅಜ್ಜಮ್ಮ ಮೊದಲು ನನ್ನ ಹಿಂದೆ ಇಣುಕಿ ನೋಡಿದರು.

“ಒಬ್ನೇ ಬಂದಿದ್ದೀಯಾ?”

ಒಬ್ಬನೇ ಎಂದೆ. ಕೂರಿಸಿದರು. ಹುಡುಗ ಬೆಟ್ಟದ ಕಡೆಯ ನೆಂಟರ ಹತ್ತಿರ ಹೊರಟು ವಾರವಾಯಿತು ಎಂದರು. ಹೊರಡುವ ಬೆಳಿಗ್ಗೆ ಬಂದಿದ್ದನಂತೆ, ಆವತ್ತು ಟ್ಯಾಂಕರ್ ಬರುವ ದಿನ, ಕೊಡಗಳನ್ನೆಲ್ಲ ತುಂಬಿಸಿಟ್ಟನಂತೆ. ಆಮೇಲೆ ಇದೇ ಜಗುಲಿಯಲ್ಲಿ ಕೂತು ತಾಯಿಯ ವಿಷಯ, ತಂಗಿ ಚಿತ್ರ ಬರೆಯುವ ವಿಷಯ, ಒಣಮೀನಿನ ವಿಷಯ ಎಲ್ಲ ಹೇಳಿದನಂತೆ. ನಗಿಸಿದನಂತೆ ಕೂಡ.

“ಎಷ್ಟು ಚೆಂದಾಗಿ ಮಾತಾಡ್ದ ಗೊತ್ತಾ? ನೀವು ಬಂದ ದಿನ ಬಾಯೇ ಬಿಡ್ಲಿಲ್ವಲ್ಲಪ್ಪ. ಅವ್ನು ಒಬ್ನೇ ಬರ್ತಿದ್ದಾಗ ನಂಗೆ ಅವ್ನು ಒಬ್ಬ ಉಡುಗ. ನೀವೆಲ್ಲಾ ಬಂದು ನಿಂತ ಮ್ಯಾಲೆ ಇದ್ಯಾವ್ದೋ ಕೇಸು ಅನ್ನಿಸ್ಬುಡ್ತು. ಇಷ್ಟು ಜನ ಜವಾಬ್ದಾರಿ ಒತ್ಕೊಬೇಕಾದ್ರೆ ಏನೋ ಇರ್ಬೇಕು ಅಂದ್ರು ಬೀದಿಯೋರು. ನಮ್ಮಣ್ಣನ ಕಿವೀಗೂ ಓಯ್ತು. ನಾನು ಒಂಟಿ ಎಂಗ್ಸು. ಏನ್ ಮಾಡ್ಲಿ ಏಳು.”

ಅವರು ಹೇಳಿದ್ದು ನ್ಯಾಯವಾಗಿತ್ತು. ನಾವು ಮಾಡಿದ್ದೂ ಒಳ್ಳೆಯ ಮನಸ್ಸಿನಿಂದಲೇ. ಇವೆರಡರ ನಡುವೆ ಅವನ ಕೋಣೆ ಹೋಗಿತ್ತು. ನಮಗೆ ಹೇಳದೆ ಯಾಕೆ ಹೋದನೋ ಎಂದು ನನ್ನಷ್ಟಕ್ಕೆ ಎಂಬಂತೆ ಅಂದೆ. ಅಜ್ಜಮ್ಮ, ಅದನ್ನು ನಾನೂ ಕೇಳಿದೆ ಎಂದರು. ಹೇಳಿದರೆ ಎಲ್ಲರೂ ಸ್ಟೇಷನ್ನಿಗೆ ಬಂದುಬಿಡುತ್ತಾರೆ ಅಮ್ಮ ಎಂದನಂತೆ. ಹೇಳುವಾಗ ಅವರಿಗೆ ನಗು ಬಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಂಗೂ ಅಂಗೇ ಅನ್ನಿಸ್ತು ಎಂದರು. ನಾನೂ ನಕ್ಕೆ, ಅರ್ಧಕ್ಕೆ ನಿಂತಿತು.

ಅವನ ಫೋನಿಗೆ ವಾರವಿಡೀ ಸ್ವಿಚ್ ಆಫ್ ಬರುತ್ತಿತ್ತು. ಅಲ್ಲೇ ಕೂತು ಇನ್ನೊಮ್ಮೆ ಒತ್ತಿದೆ. ಈ ಸಲ ರಿಂಗಾಯಿತು. ಎತ್ತಿಕೊಂಡಿದ್ದು ಒಬ್ಬ ಹೆಂಗಸು. ಹಲೋ ಎಂದರು. ನಾನು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಅವನ ಹೆಸರು ಹೇಳಿ ಕೇಳಿದೆ. ಹೆಸರೊಂದು ಅವರಿಗೆ ತಿಳಿಯಿತು. ನಾನು ಬೆಂಗಳೂರು ಎಂದೆ. ಅವರು “ಬೆಂಗಳೂರು, ಬೆಂಗಳೂರು” ಎಂದು ಪಕ್ಕದಲ್ಲಿದ್ದ ಯಾರಿಗೋ ಹೇಳಿ, ನನಗೆ ಉದ್ದಕ್ಕೆ ಏನೇನೋ ಹೇಳತೊಡಗಿದರು. ಅವನು ಹೊರಗೆ ಹೋಗಿದ್ದಾನೆ ಎಂದಿರಬಹುದು. ನಮ್ಮನ್ನು ಬೈದಿರಬಹುದು. ಊಟ ಆಯಿತಾ ಎಂದು ಕೇಳಿರಬಹುದು. ಎರಡು ವರ್ಷ ಅವನಿಗೆ ನಮ್ಮ ಭಾಷೆ ಕಲಿಸಿದೆವು. ಅವನ ಭಾಷೆಯಲ್ಲಿ ಅಮ್ಮ ಎನ್ನಲು ಏನನ್ನಬೇಕು ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

“ಯಾರು, ಅವ್ನ ತಾಯಾ?” ಎಂದರು ಅಜ್ಜಮ್ಮ.

ಹೌದು ಅನ್ನಿಸುತ್ತೆ, ಏನು ಹೇಳುತ್ತಾರೋ ತಿಳಿಯುತ್ತಿಲ್ಲ ಎಂದೆ.

ಅವರು ಕೈ ಚಾಚಿ ಫೋನು ತೆಗೆದುಕೊಂಡರು. ಅದನ್ನು ಕಿವಿಗೆ ಸರಿಯಾಗಿ ಹಿಡಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆ ಕಡೆಯ ಮಾತು ನಿಲ್ಲುವವರೆಗೂ ಕೇಳಿಸಿಕೊಂಡರು. ಆಮೇಲೆ ಅವಸರವಿಲ್ಲದೆ, ಎದುರಿಗೇ ಕೂತವಳಿಗೆ ಹೇಳುವ ಹಾಗೆ ಹೇಳಿದರು.

“ನಿನ್ ಮಗ ಒಳ್ಳೇನು ಕಣಮ್ಮ. ಕ್ವಾಣೆ ಕೊಡಕ್ಕಾಗ್ಲಿಲ್ಲ. ಬ್ಯಾಸ್ರ ಮಾಡ್ಕೋಬ್ಯಾಡ.”

ಆ ಕಡೆಯಿಂದ ಮತ್ತೆ ಏನೋ ಬಂತು. ಇವರು ಹೂಂ ಎಂದರು, ಇನ್ನೊಮ್ಮೆ ಹೂಂ ಎಂದರು. ಲೈನು ಕಟ್ಟಾದ ಮೇಲೂ ತುಸು ಹೊತ್ತು ಕಿವಿಗೆ ಹಿಡಿದೇ ಇದ್ದರು. ಫೋನು ನನ್ನ ಕೈಗೆ ಕೊಡುತ್ತಾ, ಅವಳಿಗೆ ತಿಳಿಯಿತಾ ಎಂದು ಕೇಳಿದರು.

ಗೊತ್ತಿಲ್ಲ ಅಮ್ಮ ಎಂದೆ.